ಹಳೆಯ ಮನೆಯೂ ಗೆದ್ದಲೂ

ಹಳೆಯ ಮನೆಯೊಂದನ್ನು ಕೊಳ್ಳತಕ್ಕವರು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ವಿಚಾರಿಸುವುದುಂಟು. ಪತ್ರಗಳು ಸರಿಯಾಗಿವೆಯೆ, ನೀರಿನ ಅನುಕೂಲವಿದೆಯೆ, ನೆರೆಯವರು ಒಳ್ಳೆಯವರೆ ಎಂಬುವೇ ಆ ಮೂರು. ನಾಲ್ಕನೆಯ ಪ್ರಶ್ನೆಯೊಂದುಂಟು, ಅದನ್ನು ಕೇಳುವವರು ವಿರಳ. ಆ ಮನೆಯಲ್ಲಿ ಈಗ ವಾಸವಾಗಿರುವವರು ಯಾರು? ಮನುಷ್ಯರು ಬಿಟ್ಟುಹೋದ ಮನೆ ಬರಿದಾಗಿದೆಯೆಂದೇ ನಾವೆಲ್ಲರೂ ಭಾವಿಸುತ್ತೇವೆ. ಬೀಗದ ಕೈ ನಮ್ಮ ಕೈಗೆ ಬಂದು, ಸಾಮಾನುಗಳನ್ನು ಸಾಗಿಸಿ, ಹಾಲುಕ್ಕಿಸಿ ಒಳಗೆ ಸೇರಿದ ಕೆಲವು ತಿಂಗಳ ಮೇಲೆ, ಗೋಡೆಯ ಮೇಲೆ ಬೆರಳಿನಿಂದ ಎಳೆದಂತಿರುವ ಮಣ್ಣಿನ ಗೆರೆಯೊಂದು ಕಾಣಿಸಿಕೊಳ್ಳುವುದು. ಕ್ರಯಪತ್ರದಲ್ಲಿ ಹೆಸರಿಲ್ಲದ ಈ ನಿವಾಸಿಗಳೇ ಗೆದ್ದಲುಗಳು. ಇವುಗಳ ಸ್ವಭಾವವೇನು, ಇವು ಹಳೆಯ ಮನೆಯಲ್ಲಿ ಹೇಗೆ ನೆಲಸುವುವು, ಹಾಗೆ ಕಂಡುಬಂದಾಗ ಗೃಹಸ್ಥನು ಮಾಡತಕ್ಕದ್ದೇನು ಎಂಬುದನ್ನು ಈಗ ವಿಚಾರಮಾಡೋಣ.

ವಿಷಯವು ಸ್ಪಷ್ಟವಾಗಬೇಕಾದರೆ ಒಂದು ಸ್ಥಳವನ್ನು ಕಣ್ಣಮುಂದೆ ಇಟ್ಟುಕೊಳ್ಳುವುದು ಲೇಸು. ನಾವು ಅರಸೀಕೆರೆಯನ್ನು ಆರಿಸಿಕೊಂಡಿದ್ದೇವೆ. ಅರಸೀಕೆರೆಯೆಂದೊಡನೆ ಹಾಸನ ಜಿಲ್ಲೆಯ ರೈಲ್ವೆ ಜಂಕ್ಷನ್ ಅನೇಕರ ನೆನಪಿಗೆ ಬರುವುದು ಸಹಜ. ನಾವು ಹೇಳುವುದು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯ ಮಾತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳೊಡನೆ ಅದು ಒಂದೇ ಸೀಮೆ. ಈ ಸೀಮೆಯು ಮೊದಲು ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಭಾಗವಾಗಿದ್ದಿತು. ೧೯೫೩ನೆಯ ಇಸವಿಯ ಅಕ್ಟೋಬರ್ ೧ರಂದು ಮೈಸೂರಿಗೆ ಸೇರಿತು. ಹರಪನಹಳ್ಳಿ ತಾಲ್ಲೂಕು ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, ೨೦೨೧ರಲ್ಲಿ ಹೊಸದಾಗಿ ಏರ್ಪಟ್ಟ ವಿಜಯನಗರ ಜಿಲ್ಲೆಯನ್ನು ಸೇರಿತು. ಜಿಲ್ಲೆಯ ಹೆಸರು ಹೀಗೆ ಮತ್ತೆ ಮತ್ತೆ ಬದಲಾದರೂ ಅಲ್ಲಿ ಮನೆ ಕಟ್ಟುವ ಕ್ರಮ ಮಾತ್ರ ಬಹುಕಾಲ ಒಂದೇ ಆಗಿದ್ದಿತು. ಅದು ಮಣ್ಣಿನ ಮಾಳಿಗೆಯ ಮನೆ. ಮೇಲ್ಮುದ್ದೆಯ ಮನೆಯೆಂದೂ ಅದನ್ನು ಕರೆಯುವರು.

ಈ ಮನೆಯ ರಚನೆಯನ್ನು ಸ್ವಲ್ಪ ಗಮನಿಸಬೇಕು. ಗೋಡೆಗಳು ಎರಡಡಿ ದಪ್ಪದ ಮಣ್ಣಿನವು, ಇಲ್ಲವೆ ಕೆಸರಿನಲ್ಲಿ ಕಟ್ಟಿದ ಕಲ್ಲಿನವು. ಗೋಡೆಯಿಂದ ಗೋಡೆಗೆ, ನಡುವೆ ಕಂಬ ಬೋದಿಗೆಗಳ ಆಸರೆ ಕೊಟ್ಟು, ದಪ್ಪವಾದ ತೊಲೆಗಳನ್ನು ಹಾಯಿಸುವರು. ತೊಲೆಗಳ ಮೇಲೆ ಅಡ್ಡಲಾಗಿ ಜಂತೆಗಳು. ಜಂತೆಗಳ ಮೇಲೆ ಒತ್ತಾಗಿ ಜೋಡಿಸಿದ ಸೀಳುಕಟ್ಟಿಗೆ. ಅದರ ಮೇಲೆ ಸೊಪ್ಪು. ಎಲ್ಲಕ್ಕೂ ಮೇಲೆ ಮಣ್ಣು. ಈ ಮೇಲ್ಪದರಕ್ಕೆ ಹೊಲದ ಮಣ್ಣು ಆಗದು. ನೀರನ್ನು ಒಳಕ್ಕೆ ಬಿಡದ ಕರಲು ಮಣ್ಣನ್ನೇ ಹುಡುಕಿ ತಂದು ಹಾಸಿ ಬಡಿಯುವರು. ನಡುವೆ ಒಂದೆರಡು ಬೆಳಕಿಂಡಿಗಳು. ಬಿಸಿಲು ಕಡುವಾಗಿರುವ ಆ ನಾಡಿನಲ್ಲಿ ಇಂತಹ ಮನೆ ಎಷ್ಟು ತಂಪಾಗಿರುವುದೆಂಬುದನ್ನು ಅದರೊಳಗೆ ವೈಶಾಖದ ಮಧ್ಯಾಹ್ನವೊಂದನ್ನು ಕಳೆದವರೇ ಬಲ್ಲರು. ಆದರೆ ಈ ತಂಪಿಗೆ ತೆರಬೇಕಾದ ಬೆಲೆಯೊಂದಿದೆ, ಅದು ತೂಕ. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಒಂದು ಕೋಣೆಯ ಮೇಲೆ ಅರ್ಧ ಅಡಿ ಮಣ್ಣಿದೆಯೆಂದು ಎಣಿಸಿದರೆ ಅದು ೬೦ ಘನ ಅಡಿಯಾಯಿತು. ಒಂದು ಘನ ಅಡಿ ಮಣ್ಣು ಸುಮಾರು ೪೫ ಕಿಲೋಗ್ರಾಂ ತೂಗುವುದರಿಂದ ಆ ಕೋಣೆಯ ಜಂತೆಗಳು ಹೊತ್ತಿರುವುದು ೨೭೦೦ ಕಿಲೋಗ್ರಾಂ, ಎಂದರೆ ೨೭ ಕ್ವಿಂಟಾಲ್ ಮಣ್ಣು. ಮಳೆಯಲ್ಲಿ ನೆನೆದರೆ ಅದು ಇನ್ನೂ ಹೆಚ್ಚು. ಆ ಭಾರದ ಕೆಳಗೆ ಮಕ್ಕಳು ಮಲಗುತ್ತಾರೆ. ಆದಕಾರಣ ಈ ಸೀಮೆಯಲ್ಲಿ ಗೆದ್ದಲಿನ ವಿಷಯವು ಬಾಗಿಲಿನ ಅಂದಕ್ಕೆ ಸಂಬಂಧಪಟ್ಟ ಸಣ್ಣ ಮಾತೆಂದು ಯಾರೂ ತಿಳಿಯಬಾರದು.

ಈಗ ಪಟ್ಟಣದಲ್ಲಿ ಉದ್ಯೋಗದಲ್ಲಿರುವ ಒಬ್ಬ ಗೃಹಸ್ಥನು ಇಂತಹ ಮನೆಯೊಂದನ್ನು ಕೊಂಡನೆಂದು ಭಾವಿಸೋಣ. ಮಾರಿದವರು ಜೀವನೋಪಾಯಕ್ಕಾಗಿ ಬೇರೆ ಊರಿಗೆ ಹೋಗಿದ್ದುದರಿಂದ ಮನೆ ಕೆಲವು ವರ್ಷ ಬೀಗ ಹಾಕಿಕೊಂಡಿದ್ದಿತು. ಮಾರುವುದಕ್ಕೆ ಮುಂಚೆ ಗೋಡೆಗಳಿಗೆ ಸುಣ್ಣ ಬಳಿದು, ಬಾಗಿಲುಗಳಿಗೆ ಬಣ್ಣ ಹಚ್ಚಿದ್ದರು. ಕೊಂಡವನಿಗೆ ಎಲ್ಲವೂ ಭದ್ರವಾಗಿಯೇ ಕಂಡಿತು. ಮೊದಲ ಮಳೆ ಬಿದ್ದ ಸಂಜೆ ಒಳಮನೆಯ ಮೂಲೆಯಿಂದ ರೆಕ್ಕೆಯ ಹುಳುಗಳು ನೂರಾರು ಹೊರಬಂದು ದೀಪವನ್ನು ಮುತ್ತಿದವು. ಮರುದಿನ ನೆಲದ ಮೇಲೆ ರೆಕ್ಕೆಗಳ ರಾಶಿ. ಆ ಮೇಲೆ ಚೌಕಟ್ಟನ್ನು ಬೆರಳಿನಿಂದ ಒತ್ತಿದರೆ ಬಣ್ಣದ ಸಿಪ್ಪೆಯೊಂದೇ ಉಳಿದು ಒಳಗಿನ ಮರ ಮಾಯವಾಗಿರುವುದು ತಿಳಿದುಬಂದಿತು. ಇಂತಹ ಸ್ಥಿತಿಯಲ್ಲಿ ಮನುಷ್ಯನು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುವನು: ಒಂದು, ಗಾಬರಿಗೊಂಡು ಸಿಕ್ಕಿದ ಔಷಧವನ್ನೆಲ್ಲ ಸುರಿಯುವನು, ಇಲ್ಲವೆ ಮಣ್ಣಿನ ಗೆರೆಯನ್ನು ಪೊರಕೆಯಿಂದ ಉಜ್ಜಿ, ಮತ್ತೊಮ್ಮೆ ಬಣ್ಣ ಬಳಿದು ಸುಮ್ಮನಾಗುವನು. ಎರಡೂ ನಿಷ್ಪ್ರಯೋಜಕ. ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ ಈ ಪ್ರಾಣಿಯ ಸಂಸಾರವನ್ನು ಅರಿಯಬೇಕು.

ಇಂಗ್ಲಿಷಿನಲ್ಲಿ ಗೆದ್ದಲಿಗೆ ಬಿಳಿಯ ಇರುವೆಯೆಂಬ ಹೆಸರು ರೂಢಿಯಲ್ಲಿದ್ದಿತು. ನಮ್ಮ ಭಾಷೆ ಆ ತಪ್ಪನ್ನು ಮಾಡಲಿಲ್ಲ. ಒರಲೆ, ಗೆದ್ದಲು ಎಂದು ಅದಕ್ಕೆ ಬೇರೆ ಹೆಸರನ್ನೇ ಕೊಟ್ಟಿತು. ಇರುವೆ ಗೆದ್ದಲಿನ ಬಂಧುವಲ್ಲ, ಮುಖ್ಯ ಶತ್ರು. ಗೆದ್ದಲಿನ ನಿಜವಾದ ಬಂಧು ಜಿರಲೆ. ೨೦೦೭ರಲ್ಲಿ ಪ್ರಕಟವಾದ ಅನುವಂಶೀಯ ಪರಿಶೋಧನೆಯಿಂದ ಗೆದ್ದಲುಗಳು ಜಿರಲೆಗಳ ವಂಶದ ಒಂದು ಶಾಖೆಯೆಂದು ಸ್ಥಿರಪಟ್ಟಿತು. ಇವೆರಡನ್ನೂ ಗುರುತಿಸುವುದು ಕಷ್ಟವಲ್ಲ. ಇರುವೆಗೆ ನಡು ಸಣ್ಣ; ಗೆದ್ದಲಿಗೆ ನಡುವೇ ಇಲ್ಲವೆನ್ನಬಹುದು. ರೆಕ್ಕೆಯ ಇರುವೆಗೆ ಮುಂದಿನ ಜೊತೆ ದೊಡ್ಡದು, ಹಿಂದಿನದು ಚಿಕ್ಕದು. ಗೆದ್ದಲಿಗೆ ನಾಲ್ಕು ರೆಕ್ಕೆಗಳೂ ಒಂದೇ ಸಮ. ನಮ್ಮ ಹಳ್ಳಿಗರು ಮಳೆಹುಳು, ಈಸಲು ಎಂದು ಕರೆಯುವುದು ಈ ರೆಕ್ಕೆಯ ಗೆದ್ದಲುಗಳನ್ನೇ.

ಈ ಪ್ರಾಣಿಯನ್ನು ಕುರಿತ ಮೊದಲ ಶಾಸ್ತ್ರೀಯ ಬರಹಗಳಲ್ಲಿ ಒಂದು ನಮ್ಮ ದಕ್ಷಿಣದೇಶದಲ್ಲಿಯೇ ಹುಟ್ಟಿತೆಂಬುದು ಸ್ವಾರಸ್ಯವಾದ ಸಂಗತಿ. ಲಿನೇಯಸ್ ಪಂಡಿತನ ಶಿಷ್ಯನಾಗಿ, ತರಂಗಂಬಾಡಿಯ ಡೇನಿಷ್ ಮಿಷನ್ನಿನಲ್ಲಿ ವೈದ್ಯನಾಗಿದ್ದ ಕೋನಿಗ್ ಎಂಬಾತನು ತಂಜಾವೂರಿನ ಕಡೆಯ ಗೆದ್ದಲುಗಳನ್ನು ನೋಡಿ ೧೭೭೯ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದನು. ಎರಡು ವರ್ಷಗಳ ತರುವಾಯ, ೧೭೮೧ರಲ್ಲಿ, ಸ್ಮೀತ್‌ಮನ್ ಎಂಬ ಆಂಗ್ಲೇಯನು ಆಫ್ರಿಕಾದ ಹುತ್ತಗಳ ವರ್ಣನೆಯನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಒಪ್ಪಿಸಿದನು. ಅಂದಿನಿಂದ ಇಂದಿನವರೆಗೆ ಪ್ರಪಂಚದಲ್ಲಿ ಸುಮಾರು ೩೦೦೦ ಜಾತಿಯ ಗೆದ್ದಲುಗಳನ್ನು ಗುರುತಿಸಿದ್ದಾರೆ. ಅವುಗಳಲ್ಲಿ ಮನೆಗೆ ಕೇಡು ಮಾಡತಕ್ಕವು ಕೆಲವು ಮಾತ್ರ. ನಮ್ಮ ಕೆಂಪು ನೆಲದ ಸೀಮೆಯಲ್ಲಿ ಹುತ್ತಗಳನ್ನು ಎಬ್ಬಿಸತಕ್ಕವು ಬಹಳಮಟ್ಟಿಗೆ ಓಡೊಂಟೊಟರ್ಮಿಸ್ ಎಂಬ ಪಂಗಡದವು.

ಈ ಪಂಗಡದ ಗೆದ್ದಲು ಮರವನ್ನು ತಾನೇ ಜೀರ್ಣಿಸಿಕೊಳ್ಳಲಾರದು. ಅದು ಒಕ್ಕಲುತನ ಮಾಡುವ ಪ್ರಾಣಿ. ಕಡಿದು ತಂದ ಮರದ ಪುಡಿಯಿಂದ ನೆಲದೊಳಗಿನ ಗೂಡಿನಲ್ಲಿ ಜೇನುರೊಟ್ಟಿನಂತಹ ತೋಟವನ್ನು ಮಾಡಿ, ಅದರ ಮೇಲೆ ಒಂದು ಬಗೆಯ ಬೂಷ್ಟನ್ನು ಬೆಳೆಸುವುದು. ಮರದ ಗಟ್ಟಿಯಾದ ಅಂಶವನ್ನು ಆ ಬೂಷ್ಟು ಕರಗಿಸಿಕೊಡುವುದು. ಗೆದ್ದಲು ಅದನ್ನು ತಿನ್ನುವುದು. ಮಳೆಗಾಲದಲ್ಲಿ ಹುತ್ತದ ಬಳಿ ಏಳುವ, ನಮ್ಮ ಜನರು ಆದರದಿಂದ ಕಿತ್ತು ತಂದು ಸಾರು ಮಾಡುವ ಅಣಬೆ ಈ ತೋಟದ ಫಲವೇ. ೧೯೪೨ರಲ್ಲಿ ಫ್ರಾನ್ಸಿನ ಹೈಮ್ ಎಂಬ ಪಂಡಿತನು ಅದಕ್ಕೆ ಟರ್ಮಿಟೊಮೈಸಿಸ್ ಎಂದು ಹೆಸರಿಟ್ಟನು. ಗೂಡಿನ ನಡುವೆ ರಾಣಿ. ಆಕೆ ಬೆರಳಿನಷ್ಟು ದಪ್ಪನಾಗಿ, ಚಲಿಸಲಾರದೆ, ದಿನವೊಂದಕ್ಕೆ ಸಾವಿರಾರು ಮೊಟ್ಟೆಗಳನ್ನಿಡುತ್ತ, ಬಹು ವರ್ಷ ಬಾಳುವಳು. ಕೆಲಸಗಾರ ಗೆದ್ದಲುಗಳಿಗೆ ಕಣ್ಣಿಲ್ಲ. ಅವುಗಳ ಚರ್ಮ ಬಹಳ ತೆಳುವು. ತೆರೆದ ಗಾಳಿಯಲ್ಲಿ ಅವು ಬೇಗ ಒಣಗಿ ಸಾಯುವುವು. ಆದುದರಿಂದಲೇ ಗೆದ್ದಲು ಹೋದಲ್ಲೆಲ್ಲ ತೇವವನ್ನೂ ಕತ್ತಲೆಯನ್ನೂ ತನ್ನೊಡನೆ ಕೊಂಡೊಯ್ಯಬೇಕು. ಗೋಡೆಯ ಮೇಲೆ ಕಾಣುವ ಮಣ್ಣಿನ ಗೆರೆ ಎಂದರೆ ಅದು ಕಟ್ಟಿಕೊಂಡ ಮುಚ್ಚುದಾರಿ.

ಇಷ್ಟನ್ನು ತಿಳಿದ ಮೇಲೆ ಮುಖ್ಯವಾದ ಮಾತು ತಾನಾಗಿಯೇ ಹೊಳೆಯುವುದು. ಬಾಗಿಲ ಚೌಕಟ್ಟಿನಲ್ಲಿ ಕಂಡುದು ಒಂದು ಹಾದಿಯ ಕೊನೆ. ಊರು ಇರುವುದು ಬೇರೆ ಕಡೆ, ನೆಲದೊಳಗೆ, ಕೆಲವು ವೇಳೆ ಮನೆಯ ಹೊರಗೆ ಹತ್ತಾರು ಗಜ ದೂರದಲ್ಲಿ. ಪೊರಕೆಯಿಂದ ಗೆರೆಯನ್ನು ಉಜ್ಜಿದರೆ ಹಾದಿಯ ಒಂದು ಮಾರು ಕೆಟ್ಟಿತೇ ಹೊರತು ಊರಿಗೆ ಏನೂ ಆಗಲಿಲ್ಲ. ಒಂದೆರಡು ರಾತ್ರಿಗಳಲ್ಲಿ ಅದನ್ನು ಮತ್ತೆ ಕಟ್ಟಿಕೊಳ್ಳುವುವು. ಚೌಕಟ್ಟಿನ ಮೇಲೆ ಸುರಿದ ಔಷಧವೂ ಅಷ್ಟೇ. ಆದುದರಿಂದ ಗೃಹಸ್ಥನು ತನ್ನಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು: ಇವಕ್ಕೆ ತೇವ ಎಲ್ಲಿಂದ ಸಿಕ್ಕುತ್ತಿದೆ? ಹಾದಿ ಎಲ್ಲಿ ನೆಲವನ್ನು ಬಿಟ್ಟು ಮನೆಯನ್ನು ಸೇರಿದೆ? ಭಾರ ಹೊತ್ತ ಮರಕ್ಕೆ ಎಷ್ಟು ಹಾನಿಯಾಗಿದೆ?

ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಮುನ್ನ ಮತ್ತೊಂದನ್ನು ಯೋಚಿಸಬೇಕು. ಅರವತ್ತು ಎಪ್ಪತ್ತು ವರ್ಷ ಬಾಳಿದ ಮನೆಗೆ ಈಗ ಏಕೆ ಗೆದ್ದಲು ಹತ್ತಿತು? ಆಗಲೂ ಸುತ್ತಲಿನ ಹೊಲಗಳಲ್ಲಿ ಹುತ್ತಗಳಿದ್ದುವು. ಆದರೆ ಮನೆಯಲ್ಲಿ ಜನರಿದ್ದರು. ಕಂಬವನ್ನು ನೆಲದಲ್ಲಿ ಹೂಳದೆ ಕಲ್ಲಿನ ಮೇಲೆ ನಿಲ್ಲಿಸಿದ್ದರು. ಹೀಗೆ ಮರದ ಬುಡಕ್ಕೆ ಕಲ್ಲು ಕೊಡುವ ಪದ್ಧತಿ ಈ ನಾಡಿಗೆ ಹೊಸದಲ್ಲ, ಹಂಪೆಯ ಮಹಾನವಮಿ ದಿಬ್ಬದಂತಹ ಜಗಲಿಗಳ ಮೇಲೆ ಮರದ ಕಂಬಗಳು ನಿಂತಿದ್ದ ಕಲ್ಲಿನ ಗುರುತುಗಳನ್ನು ಇಂದಿಗೂ ನೋಡಬಹುದು. ಒಲೆಯ ಹೊಗೆ ನಿತ್ಯವೂ ತೊಲೆ ಜಂತೆಗಳನ್ನು ಒಣಗಿಸಿ ಕಪ್ಪಾಗಿಸುತ್ತಿದ್ದಿತು. ಪ್ರತಿ ಬೇಸಗೆಯಲ್ಲಿಯೂ ಮಾಳಿಗೆಯ ಬಿರುಕುಗಳಿಗೆ ಮಣ್ಣು ಹಾಕಿ, ನೀರು ಹೋಗುವ ದೋಣಿಗಳನ್ನು ಸರಿಪಡಿಸುತ್ತಿದ್ದರು. ಹಬ್ಬಕ್ಕೆ ಸುಣ್ಣ ಬಳಿಯುವಾಗ ಮೂಲೆಮೂಲೆಯೂ ಕಣ್ಣಿಗೆ ಬೀಳುತ್ತಿದ್ದಿತು. ಗೆದ್ದಲಿನ ಗೆರೆ ಕಂಡರೆ ಅಂದೇ ಕೆರೆದು ಅದು ಬಂದ ಬಿರುಕನ್ನು ಮುಚ್ಚುತ್ತಿದ್ದರು. ಇವುಗಳಲ್ಲಿ ಯಾವುದೊಂದೂ ಔಷಧವಲ್ಲ. ಎಲ್ಲವೂ ಸೇರಿ ಒಂದು ಕಾವಲು. ಬೀಗ ಬಿದ್ದ ದಿನ ಆ ಕಾವಲು ತಪ್ಪಿತು. ಮಾಳಿಗೆಯ ಬಿರುಕಿನಿಂದ ನೀರು ಇಳಿದು ಗೋಡೆಯ ತಲೆಯನ್ನು ನೆನೆಸಿತು, ಕತ್ತಲೆಗೆ ಕೊರತೆಯಿರಲಿಲ್ಲ. ಇನ್ನು ಹೊಸದಾಗಿ ಕೊಂಡವರು ಮಾಡುವ ಸುಧಾರಣೆಗಳೂ ಕೆಲವು ವೇಳೆ ಗೆದ್ದಲಿಗೇ ಅನುಕೂಲ. ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿದರೆ ಒಳಗಿನ ತೇವ ಹೊರಕ್ಕೆ ಆರಿಹೋಗದೆ ಗೋಡೆಯಲ್ಲಿಯೇ ಉಳಿಯುವುದು. ಮಲಗುವ ಕೋಣೆಯ ಪಕ್ಕಕ್ಕೆ ಹೊಸ ಬಚ್ಚಲನ್ನು ಸೇರಿಸಿದರೆ ಗೋಡೆಯ ಬುಡ ಸದಾ ಒದ್ದೆ. ಜಂತೆಗಳು ಕಾಣದಂತೆ ಕೆಳಗೆ ಹಲಗೆಯ ತಟ್ಟಿಯನ್ನು ಹೊಡೆದರೆ ಮನೆಯ ಅತಿ ಮುಖ್ಯವಾದ ಭಾಗ ಕಣ್ಣಿಗೆ ಮರೆಯಾಗುವುದು. ಹೊಗೆಯನ್ನು ಮರಳಿ ತರಬೇಕೆಂದು ಯಾರೂ ಹೇಳಲಾರರು. ಅದು ನಮ್ಮ ತಾಯಂದಿರ ಕಣ್ಣನ್ನೂ ಎದೆಯನ್ನೂ ಸುಟ್ಟಿದೆ. ಆದರೆ ಹೊಗೆ ಮಾಡುತ್ತಿದ್ದ ಕೆಲಸವನ್ನು ಗಾಳಿಯಿಂದಲೂ ಬೆಳಕಿನಿಂದಲೂ ಮಾಡಿಸಬೇಕಲ್ಲವೆ?

ಈಗ ಪರೀಕ್ಷೆಯ ಕ್ರಮವನ್ನು ಹೇಳುತ್ತೇವೆ. ಮರವನ್ನು ತಿಂದವರು ಯಾರೆಂಬುದನ್ನು ಮೊದಲು ನಿರ್ಧರಿಸಬೇಕು. ಏಕೆಂದರೆ ಮರ ತಿನ್ನುವುದೆಲ್ಲ ಗೆದ್ದಲಲ್ಲ. ಮಣ್ಣಿನ ಗೆರೆಯಿದ್ದು, ಮರದ ಒಳಭಾಗ ಮಣ್ಣಿನಿಂದ ತುಂಬಿದ್ದರೆ ಅದು ನೆಲದ ಗೆದ್ದಲು. ಮಣ್ಣೇ ಇಲ್ಲದೆ, ಸೂಜಿಯ ಮೊನೆಯಿಂದ ಚುಚ್ಚಿದಂತಹ ತೂತುಗಳಿದ್ದು, ಕೆಳಗೆ ಹಿಟ್ಟಿನಂತಹ ನುಣ್ಣನೆಯ ಪುಡಿ ಉದುರಿದ್ದರೆ ಅದು ಕುಟ್ಟೆ. ಅದು ಬಿದಿರನ್ನೂ ಮರದ ಹೊರಗಿನ ಬಿಳಿಯ ಭಾಗವನ್ನೂ ಹೆಚ್ಚಾಗಿ ತಿನ್ನುವುದು. ಉದುರಿದುದು ಹಿಟ್ಟಾಗಿರದೆ ಗಸಗಸೆಯಂತೆ ಕಾಳುಕಾಳಾಗಿದ್ದರೆ ಅದು ಒಣಮರದಲ್ಲಿಯೇ ಬಾಳುವ ಬೇರೊಂದು ಜಾತಿಯ ಗೆದ್ದಲು. ಅದಕ್ಕೆ ನೆಲದ ಹಾದಿ ಬೇಕಿಲ್ಲ. ಬೆರಳು ಹೋಗುವಷ್ಟು ದುಂಡನೆಯ ತೂತಾದರೆ ಅದು ಕರಿಯ ದುಂಬಿಯ ಕೆಲಸ. ಈ ಮೂವರಿಗೆ ನೆಲಕ್ಕೆ ಔಷಧ ಸುರಿದು ಪ್ರಯೋಜನವಿಲ್ಲ. ಮರಕ್ಕೇ ಚಿಕಿತ್ಸೆ ಮಾಡಬೇಕು.

ನೆಲದ ಗೆದ್ದಲೆಂದು ಗೊತ್ತಾದರೆ ಗೆರೆಯನ್ನು ಒಡನೆಯೇ ಅಳಿಸಬಾರದು. ಅದು ನಮಗೆ ದಾರಿ ತೋರಿಸುವ ಗುರುತು. ಒಂದಂಗುಲದಷ್ಟನ್ನು ಮಾತ್ರ ಒಡೆದು ಎರಡು ಮೂರು ದಿನ ನೋಡಬೇಕು. ಒಡೆದ ಭಾಗವನ್ನು ಮತ್ತೆ ಕಟ್ಟಿದ್ದರೆ ಹಾದಿ ನಡೆಯುತ್ತಿದೆ. ಕಟ್ಟದಿದ್ದರೆ ಅವು ಆ ಹಾದಿಯನ್ನು ಬಿಟ್ಟಿರಬಹುದು. ಆಮೇಲೆ ಗೆರೆಯನ್ನು ಹಿಡಿದು ಕೆಳಕ್ಕೆ ಬರಬೇಕು. ಇಲ್ಲಿ ಮಣ್ಣಿನ ಗೋಡೆಯ ಮನೆಯಲ್ಲಿ ಒಂದು ವಿಶೇಷ ತೊಡಕು ಉಂಟು. ಕಲ್ಲಿನ ಅಥವಾ ಇಟ್ಟಿಗೆಯ ಗೋಡೆಯಾದರೆ ಗೆದ್ದಲು ಬಹುಶಃ ಹೊರಮೈಯ ಮೇಲೆ ಹಾದಿ ಕಟ್ಟುವುದು, ನಮಗೆ ಕಾಣುವುದು. ಗೋಡೆಯೇ ಮಣ್ಣಾದರೆ ಅದು ಗೋಡೆಯ ಒಳಗೇ ಕೊರೆದು, ಬುಡದಿಂದ ತಲೆಯವರೆಗೆ ಯಾರಿಗೂ ಕಾಣದೆ ಏರಿಹೋಗಬಲ್ಲುದು. ಅದು ಮೊದಲು ಮುಟ್ಟುವ ಮರ ಯಾವುದು? ಗೋಡೆಯಲ್ಲಿ ಹುದುಗಿರುವ ತೊಲೆಯ ತಲೆ. ಮಾಳಿಗೆಯ ನೀರು ಇಳಿದು ನೆನೆಯುವುದೂ ಅದೇ ಜಾಗ. ಕೋಣೆಯ ಭಾರವೆಲ್ಲ ಬಂದು ಕೂರುವುದೂ ಅಲ್ಲಿಯೇ. ಬಾಗಿಲನ್ನು ನೋಡಿ ದುಃಖಪಡುವ ಗೃಹಸ್ಥನು ತಲೆಯೆತ್ತಿ ಆ ಸಂದುಗಳನ್ನು ನೋಡಬೇಕು.

ನೋಡುವ ಬಗೆ ಸುಲಭ. ಏಣಿಯನ್ನಿಟ್ಟು ಹತ್ತಿ, ಪ್ರತಿಯೊಂದು ತೊಲೆಯನ್ನೂ ಜಂತೆಯನ್ನೂ ಗೋಡೆಯ ಸಮೀಪದಲ್ಲಿ ಸಣ್ಣ ಸುತ್ತಿಗೆಯಿಂದ ತಟ್ಟಬೇಕು. ಗಟ್ಟಿಮರ ಗಣಿಲೆಂದು ನುಡಿಯುವುದು. ಪೊಳ್ಳಾದುದು ಮಂಕಾಗಿ ಕೇಳುವುದು. ಅನುಮಾನ ಬಂದಲ್ಲಿ ದಬ್ಬಳವನ್ನು ಚುಚ್ಚಿ ಎಷ್ಟು ಆಳ ಇಳಿಯುವುದೆಂದು ಪರೀಕ್ಷಿಸಬೇಕು. ಮರ ನಡುವೆ ಜಗ್ಗಿದೆಯೆ, ಗೋಡೆಯಲ್ಲಿ ತೊಲೆಯ ಕೆಳಗೆ ಹೊಸ ಬಿರುಕು ಇದೆಯೆ, ಮೇಲಿನಿಂದ ಮಣ್ಣು ಉದುರುತ್ತಿದೆಯೆ ಎಂಬುದನ್ನೂ ಬರೆದಿಟ್ಟುಕೊಳ್ಳಬೇಕು. ತೊಲೆಯ ತಲೆ ಪೊಳ್ಳಾಗಿರುವುದು ಕಂಡರೆ ಆ ರಾತ್ರಿ ಆ ಕೋಣೆಯಲ್ಲಿ ಯಾರೂ ಮಲಗಬಾರದು. ಗಟ್ಟಿಯಾದ ಊರೆಗಂಬವನ್ನು ಕೊಡಿಸಿದ ಹೊರತು ಔಷಧದ ಮಾತನ್ನೂ ಎತ್ತಬಾರದು. ಗೆದ್ದಲು ಒಂದು ವಾರದಲ್ಲಿ ತಿನ್ನುವುದು ಸ್ವಲ್ಪವೇ. ಆದರೆ ನೆನೆದ ಮಾಳಿಗೆ ಒಂದು ಗಳಿಗೆಯಲ್ಲಿ ಕೂರಬಹುದು. ಮಳೆಗಾಲದಲ್ಲಿ ಇಂತಹ ಮನೆಗಳು ಕುಸಿದು ಪ್ರಾಣಹಾನಿಯಾದ ಸುದ್ದಿಯನ್ನು ನಾವು ಓದುತ್ತಲೇ ಇರುತ್ತೇವೆ.

ಚಿಕಿತ್ಸೆಯಲ್ಲಿ ಮೊದಲನೆಯದು ನೀರಿನ ವ್ಯವಸ್ಥೆ. ಮಾಳಿಗೆಯ ಬಿರುಕನ್ನು ಮುಚ್ಚಿಸಿ, ದೋಣಿಯ ನೀರು ಗೋಡೆಗೆ ಸಿಡಿಯದಂತೆ ದೂರ ಬೀಳಿಸಬೇಕು. ಬಚ್ಚಲ ನೀರಿಗೆ ಸೋರದ ಮೋರಿ ಬೇಕು. ಗೋಡೆಯ ಬುಡಕ್ಕೆ ಒರಗಿಸಿದ ಸೌದೆ, ಹಳೆಯ ಹಲಗೆ, ಜೋಳದ ದಂಟು, ಕಾಗದದ ಕಟ್ಟುಗಳನ್ನು ತೆಗೆಯಿಸಬೇಕು. ಇವು ಗೆದ್ದಲಿಗೆ ಇಟ್ಟ ಎಡೆಯಂತಿರುವುವು. ಉಪಯೋಗಿಸದ ಹಗೇವು ಮನೆಯೊಳಗಿದ್ದರೆ ಅದನ್ನು ಬರಿದಾಗಿ ಬಿಡದೆ ಮಣ್ಣು ತುಂಬಿ ಬಡಿಸುವುದು ಲೇಸು. ಇಷ್ಟನ್ನೇ ಮಾಡಿದರೂ ಗೆದ್ದಲಿನ ಬಲ ಬಹಳಮಟ್ಟಿಗೆ ಕುಗ್ಗುವುದು.

ಎರಡನೆಯದು ನೆಲಕ್ಕೂ ಮನೆಗೂ ನಡುವೆ ತಡೆ ಕಟ್ಟುವುದು. ಭಾರತೀಯ ಮಾನಕ ಸಂಸ್ಥೆಯವರು ಕಟ್ಟಡಗಳನ್ನು ಗೆದ್ದಲಿನಿಂದ ರಕ್ಷಿಸುವುದಕ್ಕಾಗಿ ೬೩೧೩ನೆಯ ಸಂಖ್ಯೆಯ ಮಾನಕವನ್ನು ಪ್ರಕಟಿಸಿದ್ದಾರೆ. ಅದರ ಮೂರನೆಯ ಭಾಗ ಈಗಾಗಲೇ ಕಟ್ಟಿರುವ ಮನೆಗಳಿಗೆ ಸಂಬಂಧಪಟ್ಟುದು. ನೆಲವೂ ಗೋಡೆಯೂ ಕೂಡುವ ಸಂದಿನ ಉದ್ದಕ್ಕೂ ಸುಮಾರು ಅಡಿಗೊಂದರಂತೆ ೧೨ ಮಿಲಿಮೀಟರ್ ಅಗಲದ ರಂಧ್ರಗಳನ್ನು ಕೊರೆದು, ಅವುಗಳಲ್ಲಿ ನೀರಿಗೆ ಬೆರೆಸಿದ ಔಷಧವನ್ನು ಇಳಿಸಿ, ಮತ್ತೆ ಮುಚ್ಚುವುದು ಅದರ ಮುಖ್ಯ ಕ್ರಮ. ಹೊರಗಡೆಯೂ ಗೋಡೆಯ ಬುಡದ ಸುತ್ತ ಮಣ್ಣಿಗೆ ಔಷಧವನ್ನು ಕುಡಿಸುವರು. ಮನೆಯ ಸುತ್ತ ಎಲ್ಲಿಯೂ ತೆರಪಿಲ್ಲದ ಒಂದು ಗೆರೆ ಏರ್ಪಡಬೇಕೆಂಬುದೇ ಇದರ ತತ್ತ್ವ. ಒಂದು ಮೂಲೆಯನ್ನು ಬಿಟ್ಟರೆ ಕೋಟೆಗೆ ದಿಡ್ಡಿಬಾಗಿಲನ್ನು ತೆರೆದಿಟ್ಟ ಹಾಗಾಗುವುದು.

ಔಷಧದ ಮಾತು ಬಂದುದರಿಂದ ಎಚ್ಚರಿಕೆಯ ಮಾತನ್ನೂ ಹೇಳಬೇಕು. ಒಂದು ಕಾಲದಲ್ಲಿ ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್ ಎಂಬುವು ಈ ಕೆಲಸಕ್ಕೆ ಸರ್ವತ್ರ ಬಳಕೆಯಲ್ಲಿದ್ದುವು. ಅವು ಮಣ್ಣಿನಲ್ಲಿ ದಶಕಗಳ ಕಾಲ ನಾಶವಾಗದೆ ಉಳಿಯುತ್ತಿದ್ದುದರಿಂದ ಜನರು ಅವನ್ನು ಮೆಚ್ಚಿದರು. ಅದೇ ಗುಣ ದೋಷವಾಯಿತು. ಮಣ್ಣಿನಿಂದ ನೀರಿಗೆ, ನೀರಿನಿಂದ ಜೀವಿಗಳ ಕೊಬ್ಬಿಗೆ, ಕೊನೆಗೆ ತಾಯಿಯ ಹಾಲಿಗೂ ಅವು ಸೇರಿದುವು. ೨೦೦೧ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಈ ಮೂರೂ ನಿಷೇಧದ ಪಟ್ಟಿಗೆ ಸೇರಿದುವು. ಭಾರತವು ೨೦೦೬ರಲ್ಲಿ ಆ ಒಪ್ಪಂದವನ್ನು ಅಂಗೀಕರಿಸಿತು. ಹಳೆಯ ಮನೆಯ ಅಟ್ಟದಲ್ಲಿ ಇಂತಹ ಹಳೆಯ ಡಬ್ಬಿ ಸಿಕ್ಕಿದರೆ ಅದನ್ನು ಬಳಸಬಾರದು. ಈಗ ಇಮಿಡಾಕ್ಲೋಪ್ರಿಡ್ ಮೊದಲಾದ ಬೇರೆ ದ್ರವ್ಯಗಳು ಬಳಕೆಯಲ್ಲಿವೆ. ಅವೂ ವಿಷವೇ. ಬಾವಿಯೋ ಕೊಳವೆಬಾವಿಯೋ ಹತ್ತಿರವಿದ್ದರೆ ಆ ಸಂಗತಿಯನ್ನು ಕೆಲಸದವರಿಗೆ ಮೊದಲೇ ತಿಳಿಸಬೇಕು. ಧಾನ್ಯ, ನೀರಿನ ಪಾತ್ರೆ, ಹಾಸಿಗೆಗಳನ್ನು ಹೊರಗಿಡಬೇಕು. ಮಕ್ಕಳನ್ನೂ ದನಕರುಗಳನ್ನೂ ದೂರವಿರಿಸಬೇಕು. ಪರವಾನಗಿ ಪಡೆದವರಿಂದಲೇ ಮಾಡಿಸಿ, ಬಳಸಿದ ದ್ರವ್ಯದ ಹೆಸರನ್ನೂ ಪ್ರಮಾಣವನ್ನೂ ಬರೆಯಿಸಿಕೊಳ್ಳುವುದು ಗೃಹಸ್ಥನ ಹಕ್ಕು. ಗೆದ್ದಲು ಮನೆಗೆ ಒಯ್ದು ಎಲ್ಲರಿಗೂ ಉಣಿಸಿ ತಾನೇ ತನ್ನ ಊರನ್ನು ಅಳಿಸಿಕೊಳ್ಳುವಂತೆ ಮಾಡುವ ವಿಷದ ಎರೆಗಳೂ ೧೯೯೦ರ ದಶಕದಿಂದ ಬಳಕೆಗೆ ಬಂದಿವೆ. ಅವು ನಿಧಾನವಾದರೂ ನೆಲಕ್ಕೆ ಹಾಕುವ ವಿಷ ಅತ್ಯಲ್ಪ.

ನಾಟಿ ಉಪಾಯಗಳ ವಿಷಯದಲ್ಲಿ ಪೂರ್ಣ ತಿರಸ್ಕಾರವೂ ಸಲ್ಲದು, ಪೂರ್ಣ ನಂಬಿಕೆಯೂ ಸಲ್ಲದು. ಸೀಮೆಯೆಣ್ಣೆ ತಾನು ಮುಟ್ಟಿದ ಹುಳುವನ್ನು ಕೊಲ್ಲುವುದು, ಆಮೇಲೆ ಆರಿಹೋಗುವುದು. ಒಣಮರದ ಮನೆಯಲ್ಲಿ ಬೆಂಕಿಯ ಭಯವನ್ನು ಮಾತ್ರ ಉಳಿಸುವುದು. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಮರಕ್ಕೆ ಬಳಿಯುವ ಕರಾವಳಿಯ ಪದ್ಧತಿಯಲ್ಲಿ ಸತ್ವವಿದೆ. ಆದರೆ ಅದು ಕೈಮೈಗೆ ತಾಗಿದರೆ ಸುಡುವುದು, ಮತ್ತು ಬಳಿದಿರುವ ಮೇಲ್ಮೈಯನ್ನು ಮಾತ್ರ ಕಾಯುವುದು. ಹುತ್ತವನ್ನು ಅಗೆದು ರಾಣಿಯನ್ನು ತೆಗೆಯುವುದು ಅಂಗಳದಲ್ಲಿಯೇ ಗೂಡು ಕಂಡಾಗ ಮಾಡಬಹುದಾದ ಕೆಲಸ. ಗೂಡು ಯಾವ ಕಡೆ ಇದೆಯೆಂದೇ ತಿಳಿಯದಿದ್ದಲ್ಲಿ ಅದಕ್ಕೆ ಅವಕಾಶವಿಲ್ಲ.

ಮೂರನೆಯದು ಕೆಟ್ಟ ಮರವನ್ನು ಬದಲಾಯಿಸುವುದು. ಯಾವ ಮರ ಎಷ್ಟು ತಡೆಯುವುದೆಂಬುದನ್ನು ಶಾಸ್ತ್ರಜ್ಞರು ಪ್ರತ್ಯಕ್ಷವಾಗಿ ಪರೀಕ್ಷಿಸಿದ್ದಾರೆ. ಮರದ ತುಂಡುಗಳನ್ನು ಸಾಲುಸಾಲಾಗಿ ಅರ್ಧ ಹೂಳಿ ವರ್ಷಗಟ್ಟಲೆ ನೋಡುವ ಈ ಪದ್ಧತಿಗೆ, ಆ ಬಯಲು ಗೋರಿಗಳ ಸಾಲಿನಂತೆ ಕಾಣುವುದರಿಂದ, ಸ್ಮಶಾನ ಪರೀಕ್ಷೆಯೆಂದೇ ಹ���ಸರು. ಸರಾಸರಿ ೧೨೦ ತಿಂಗಳು ಮತ್ತು ಅದಕ್ಕೂ ಹೆಚ್ಚು ಬಾಳಿದುದು ಮೊದಲನೆಯ ದರ್ಜೆ. ೬೦ ತಿಂಗಳೊಳಗೆ ನಾಶವಾದುದು ಮೂರನೆಯದು. ತೇಗದ ಒಳತಿರುಳು ಮೊದಲನೆಯ ದರ್ಜೆಯದು. ಮಾವು, ಬೂರಗಗಳು ಮೂರನೆಯವು. ತೇಗವೆಂದು ಹೇಳಿ ಹೊರಗಿನ ಬಿಳಿಮರವನ್ನು ಮಾರಿದರೆ ಅದಕ್ಕೂ ಮಾವಿಗೂ ಹೆಚ್ಚು ಭೇದವಿಲ್ಲವೆಂಬುದನ್ನು ಕೊಳ್ಳುವವರು ನೆನಪಿಡಬೇಕು. ಸಾಮಾನ್ಯ ಮರವನ್ನು ದ್ರವ್ಯಗಳಿಂದ ಬಲಪಡಿಸುವ ವಿದ್ಯೆಯಲ್ಲಿ ನಮ್ಮ ದೇಶದ ಪಾಲು ದೊಡ್ಡದು. ದೆಹರಾದೂನಿನ ಅರಣ್ಯ ಸಂಶೋಧನಾಲಯದಲ್ಲಿದ್ದ ಸೊಂಟಿ ಕಾಮೇಶಂ ಎಂಬವರು ೧೯೩೩ರಲ್ಲಿ ತಾಮ್ರ, ಕ್ರೋಮಿಯಂ, ಪಾಷಾಣಗಳ ಸಂಯೋಗವೊಂದನ್ನು ಕಂಡುಹಿಡಿದರು. ಅದು ಲೋಕದಾದ್ಯಂತ ತಂತಿಕಂಬಗಳಿಗೂ ಕಟ್ಟಡದ ಮರಕ್ಕೂ ಬಳಕೆಯಾಯಿತು. ಅದರಲ್ಲಿ ಪಾಷಾಣವಿರುವುದರಿಂದ ಜನರು ವಾಸಿಸುವ ಮನೆಗಳಲ್ಲಿ ಅದರ ಬಳಕೆ ೨೦೦೩ರ ಕೊನೆಗೆ ಅಮೆರಿಕದಲ್ಲಿ ನಿಂತಿತು. ಬೆಂಗಳೂರಿನಲ್ಲಿ ೧೯೩೮ರಲ್ಲಿ ಅರಣ್ಯ ಪ್ರಯೋಗಶಾಲೆಯಾಗಿ ಹುಟ್ಟಿ, ೧೯೮೮ರಿಂದ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಗಿರುವ ಕೇಂದ್ರದಲ್ಲಿ ಈ ವಿಷಯಗಳ ಪರಿಶೋಧನೆ ನಡೆದುಬಂದಿದೆ. ಗೃಹಸ್ಥನಿಗೆ ಸಾಲುವ ಸೂತ್ರ ಒಂದೇ: ಹೊಸ ತೊಲೆಯ ತಲೆ ನೇರವಾಗಿ ಮಣ್ಣಿನಲ್ಲಿ ಹುದುಗಬಾರದು, ಅದರ ಕೆಳಗೆ ಕಲ್ಲು, ಸುತ್ತಲೂ ಗಾಳಿಯಾಡುವಷ್ಟು ಸಂದು ಇರಬೇಕು.

ಕೊನೆಯದಾಗಿ ನ್ಯಾಯದ ಪ್ರಶ್ನೆ. ಮಾರಿದವರು ಹೇಳದೆ ಮುಚ್ಚಿಟ್ಟರೆ ಕೊಂಡವನಿಗೆ ಗತಿಯೇನು? ೧೮೮೨ನೆಯ ಇಸವಿಯ ಸ್ವತ್ತು ವರ್ಗಾವಣೆಯ ಕಾಯಿದೆಯ ೫೫ನೆಯ ಪ್ರಕರಣವು ಇದಕ್ಕೆ ಉತ್ತರ ಕೊಡುವುದು. ಬೇರೆ ಕರಾರು ಇಲ್ಲದಿದ್ದಲ್ಲಿ, ಮಾರುವವನಿಗೆ ತಿಳಿದಿದ್ದು ಕೊಳ್ಳುವವನಿಗೆ ತಿಳಿಯದ, ಸಾಮಾನ್ಯ ಎಚ್ಚರದಿಂದ ನೋಡಿದರೂ ಕಂಡುಬಾರದ ಮುಖ್ಯ ದೋಷವನ್ನು ಮಾರುವವನು ತಿಳಿಸತಕ್ಕದ್ದು. ತಿಳಿಸದಿದ್ದರೆ ಅದು ವಂಚನೆಯೆನಿಸುವುದು. ಇಲ್ಲಿ ಸಾಮಾನ್ಯ ಎಚ್ಚರವೆಂಬ ಮಾತೇ ಕೀಲಕ. ಸುತ್ತಿಗೆಯಿಂದ ತಟ್ಟಿ ನೋಡಬಹುದಾಗಿದ್ದ ತೊಲೆಯನ್ನು ನೋಡದೆ ಕೊಂಡವನ ದೂರು ದುರ್ಬಲ. ಗೋಡೆಯೊಳಗೆ ಅಡಗಿದುದನ್ನು ಬಲ್ಲವರು ಮರೆಮಾಡಿದ್ದರೆ ಅದು ಪ್ರಬಲ. ಆದರೆ ಮಾರುವವನಿಗೂ ಅದು ತಿಳಿದಿತ್ತೆಂದು ಸಾಧಿಸುವುದು ಸುಲಭವಲ್ಲ. ಬೀಗ ಹಾಕಿ ಪರ ಊರಿನಲ್ಲಿದ್ದವರಿಗೆ ಅನೇಕವೇಳೆ ನಿಜವಾಗಿಯೂ ತಿಳಿದಿರುವುದಿಲ್ಲ. ಆದುದರಿಂದ ಬೆಲೆ ಕಟ್ಟುವುದಕ್ಕೆ ಮುಂಚೆಯೇ ಒಬ್ಬ ಬಡಗಿಯನ್ನೂ ಒಬ್ಬ ಗೌಂಡಿಯನ್ನೂ ಕರೆದೊಯ್ದು ಅರ್ಧ ದಿನ ತೋರಿಸುವುದು ಮುಂದೆ ವಕೀಲರ ಬಾಗಿಲಿಗೆ ಹೋಗುವುದಕ್ಕಿಂತ ಅಗ್ಗ.

ಗೆದ್ದಲಿನ ಕುಲವನ್ನೇ ನಿರ್ಮೂಲಮಾಡಬೇಕೆಂದು ಯಾರೂ ಇಚ್ಛಿಸಬೇಕಾಗಿಲ್ಲ. ಉದುರಿದ ಎಲೆಯನ್ನೂ ಸತ್ತ ಕೊಂಬೆಯನ್ನೂ ಮಣ್ಣಿಗೆ ಸೇರಿಸಿ ನೆಲವನ್ನು ಉತ್ತು ಗಾಳಿಯಾಡಿಸುವ ಪ್ರಾಣಿ ಅದು. ಅದು ಕಟ್ಟಿ ಬಿಟ್ಟ ಹುತ್ತದಲ್ಲಿ ಹಾವು ಸೇರುವುದು; ನಾಗರಪಂಚಮಿಯಲ್ಲಿ ನಮ್ಮ ಹೆಂಗಸರು ಅದಕ್ಕೆ ಹಾಲೆರೆಯುವರು. ಹೊಲದ ಬದುವಿನಲ್ಲಿರುವ ಹುತ್ತಕ್ಕೂ ಪಡಸಾಲೆಯ ತೊಲೆಗೂ ನಡುವೆ ಒಂದು ಎಲ್ಲೆ ಇರಬೇಕು. ಆ ಎಲ್ಲೆಯನ್ನು ಕಾಯುವ ಕೆಲಸ ಮನೆಯಲ್ಲಿ ಇರುವವರದು. ಹಳೆಯ ಮನೆಯನ್ನು ಕೊಂಡವರು ಗೋಡೆ ಮಾಳಿಗೆಗಳೊಡನೆ, ಹಿಂದಿನವರು ವರ್ಷವರ್ಷವೂ ನಡೆಸುತ್ತಿದ್ದ ಈ ಕಾವಲನ್ನೂ ಕೊಂಡಿರುತ್ತಾರೆ. ರೋಹಿಣಿ ಮಳೆ ಹುಟ್ಟುವುದಕ್ಕೆ ಮುಂಚೆ ಮಾಳಿಗೆಯನ್ನು ಹತ್ತಿ ಬಿರುಕುಗಳನ್ನು ನೋಡುವುದು, ದೋಣಿಗಳನ್ನು ಬಿಡಿಸುವುದು, ಏಣಿಯಿಟ್ಟು ತೊಲೆಯ ತಲೆಗಳನ್ನು ತಟ್ಟುವುದು, ಅಟ್ಟವನ್ನು ಬರಿದು ಮಾಡಿ ಗುಡಿಸುವುದು. ದೀಪಾವಳಿಯ ಹೊತ್ತಿಗೆ ಮತ್ತೊಮ್ಮೆ ಗೋಡೆಯ ಬುಡವನ್ನು ಸುತ್ತಿ ಬರುವುದು. ವರ್ಷಕ್ಕೆ ಎರಡು ದಿನದ ಕೆಲಸವಿದು. ಅಷ್ಟನ್ನು ತಪ್ಪದೆ ನಡೆಸಿದರೆ ಅಜ್ಜಂದಿರು ಏರಿಸಿದ ತೊಲೆಗಳು ಮೊಮ್ಮಕ್ಕಳ ಕಾಲಕ್ಕೂ ಮಾಳಿಗೆಯನ್ನು ಹೊತ್ತು ನಿಲ್ಲುವುವು.